ಮುಂದಿನ ಚಕ್ರದ ಕಾರಿಗೆ ಮುಂದೆ ಕೂರುವವರಿರಲಿಲ್ಲ

ನಾನು ಬಿ.ಎಸ್ಸಿ. ಪಾಸು ಮಾಡಿದ ವರ್ಷ ಸರ್ಕಾರದಲ್ಲಿ ಕೆಲಸ ಸಿಗಲಿಲ್ಲ. ಸಿಕ್ಕಿದ್ದು ಮಧುಗಿರಿಯ ಕಡಲೆಕಾಯಿ ಸಾಹುಕಾರರೊಬ್ಬರ ಮಂಡಿಯಲ್ಲಿ ಇಂಗ್ಲಿಷ್ ಕಾಗದ ಬರೆಯುವ ಕೆಲಸ. ಎಣ್ಣೆ ಗಿರಣಿಗಳಿಗೆ, ರೈಲ್ವೆಯವರಿಗೆ, ಮದರಾಸಿನ ದಲ್ಲಾಳಿಗಳಿಗೆ ಬರೆಯಬೇಕು; ಅವರು ಬರೆದದ್ದನ್ನು ಓದಿ ಹೇಳಬೇಕು. ಬೆಳಕು ಹೇಗೆ ಬಾಗುತ್ತದೆ, ಸನ್ನೆಗೋಲು ಹೇಗೆ ಭಾರ ಎತ್ತುತ್ತದೆ ಎಂದು ಕಲಿತವನಿಗೆ ‘ತಮ್ಮ ಕೃಪಾಪತ್ರ ತಲುಪಿತು’ ಎಂದು ದಿನಕ್ಕೆ ಹತ್ತು ಸಲ ಬರೆಯುವ ಕೆಲಸ. ಮಾಡಿದೆ. ಬಿಡಲಿಕ್ಕೆ ನನಗೆ ಬೇರೆ ಗತಿಯೇನೂ ಇರಲಿಲ್ಲ.

ನಮ್ಮದು ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಕಡೆಯ ಒಕ್ಕಲು ಮನೆ. ನಮ್ಮ ವಂಶದಲ್ಲಿ ನನಗಿಂತ ಮುಂಚೆ ಯಾರೂ ತಮ್ಮ ಹೆಸರು ತಾವೇ ಬರೆದವರಲ್ಲ. ಹಾಸ್ಟೆಲಿನ ತಿಳಿಸಾರು ಕುಡಿದು, ಇನ್ನೊಬ್ಬರ ಪುಸ್ತಕವನ್ನು ಇಸಿದುಕೊಂಡು ಅವರು ಮಲಗಿದ ಮೇಲೆ ಓದಿ ತಂದ ಡಿಗ್ರಿ ಅದು. ಅದರ ಹೆಮ್ಮೆ ನನಗಿತ್ತು. ಇದ್ದದ್ದು ತಪ್ಪೆಂದು ಈಗಲೂ ಹೇಳಲಾರೆ. ಕೆಲಸಕ್ಕೆ ಸೇರುವಾಗ ನಾನು ಸಾಹುಕಾರರ ಮುಂದೆ ಒಂದೇ ಒಂದು ಷರತ್ತು ಇಟ್ಟೆ: ಕಾರಿನಲ್ಲಿ ಡ್ರೈವರ್ ಪಕ್ಕದಲ್ಲಿ ಕೂರುವುದಿಲ್ಲ.

ಈಗಿನವರಿಗೆ ಇದು ಅರ್ಥವಾಗಲಿಕ್ಕಿಲ್ಲ. ಆಗಿನ ದೊಡ್ಡವರ ಕಾರಿನಲ್ಲಿ ಮುಂದಿನ ಸೀಟು ಸೀಟೇ ಅಲ್ಲ. ಅದು ಎಲೆ ಅಡಿಕೆ ತಟ್ಟೆ, ನೀರಿನ ಹೂಜಿ, ಪೀಕದಾನಿ ಇಡುವ ಜಾಗ. ಅವುಗಳ ಜೊತೆಗೆ ಅವನ್ನು ಹಿಡಿದುಕೊಳ್ಳುವ ಆಳಿನ ಜಾಗ. ಮರ್ಯಾದಸ್ಥರು ಎಷ್ಟೇ ಜನರಿದ್ದರೂ ಹಿಂದೆಯೇ ಒತ್ತಿ ಕೂರುತ್ತಿದ್ದರು. ನನ್ನ ಷರತ್ತು ಕೇಳಿ ಸಾಹುಕಾರರು ಹೊಟ್ಟೆ ಕುಣಿಯುವ ಹಾಗೆ ನಕ್ಕರು.

“ಮುಂದೆ ಕೂರಲ್ಲ, ಹಿಂದೆ ನಾವ್ ಕೂರ್ಸಲ್ಲ. ಬಸ್ಸಿಗೆ ಬಾರಪ್ಪ ಬಿಯೆಸ್ಸಿ” ಅಂದರು.

ಹಾಗಾಗಿ ಅವರು ಕಾರಿನಲ್ಲಿ ಹೋದ ಕಡೆಗೆಲ್ಲ ನಾನು ಧೂಳು ಕುಡಿಯುತ್ತಾ ಬಸ್ಸಿನಲ್ಲಿ ಹೋಗುತ್ತಿದ್ದೆ. ಅವರು ನನ್ನನ್ನು ಕರೆಯುತ್ತಿದ್ದದ್ದೂ ಬಿಯೆಸ್ಸಿ ಎಂದೇ.

ಎರಡನೆಯ ಮಹಾಯುದ್ಧ ಶುರುವಾಗುವ ಒಂದೆರಡು ವರ್ಷ ಮುಂಚೆ ಅವರ ಹಳೆಯ ಕಾರು ಮುದಿಯಾಯಿತು. ಬೆಂಗಳೂರು ದಂಡಿನಲ್ಲಿ, ಅಂದರೆ ಕಂಟೋನ್ಮೆಂಟಿನಲ್ಲಿ, ಊರಿಗೆ ಮರಳುವ ಯೂರೋಪಿಯನ್ನರು ಕಾರು ಮಾರುತ್ತಿದ್ದರು. ಎರಡನ್ನು ಗೊತ್ತು ಮಾಡಿ ಬಂದೆವು. ಎರಡೂ ದೊಡ್ಡವು, ಎರಡೂ ಒಳ್ಳೆಯ ಸುಖದ ಕಾರುಗಳು, ಹಿಂದಿನ ಸೀಟಿನಲ್ಲಿ ಹಾಸಿಗೆಯಷ್ಟು ಮೆತ್ತೆ. ಒಂದು ಅಮೆರಿಕದ್ದು, ಎಲ್ಲ ಕಾರುಗಳ ಹಾಗೆ ಅದರ ಇಂಜಿನ್ನು ಮುಂದಿದ್ದು, ಉದ್ದನೆಯ ಕಬ್ಬಿಣದ ದಂಡವೊಂದು ಕಾರಿನ ಹೊಟ್ಟೆಯ ಕೆಳಗೆ ಹಾದು ಹಿಂದಿನ ಚಕ್ರಗಳನ್ನು ತಿರುಗಿಸುತ್ತಿತ್ತು. ಇನ್ನೊಂದು ಯೂರೋಪಿನದು, ಹೊಸ ಮಾದರಿ. ಅದರಲ್ಲಿ ದಂಡವೇ ಇಲ್ಲ. ಇಂಜಿನ್ನೂ ಮುಂದೆ, ಅದು ತಿರುಗಿಸುವ ಚಕ್ರಗಳೂ ಮುಂದಿನವೇ. ಹಿಂದಿನ ಚಕ್ರಗಳು ಸುಮ್ಮನೆ ಹಿಂಬಾಲಿಸಬೇಕು, ಅಷ್ಟೆ.

ಮಂಡಿಯ ಜಗಲಿಯ ಮೇಲೆ ತೀರ್ಮಾನಕ್ಕೆ ಕುಳಿತೆವು. ಸಾಹುಕಾರರ ಡ್ರೈವರು ಶಿರಾದ ಸಾಬರು. ಐವತ್ತು ದಾಟಿದವರು. ಮೊದಲು ಜಟಕಾ, ಆಮೇಲೆ ಲಾರಿ, ಆಮೇಲೆ ಹನ್ನೆರಡು ವರ್ಷ ಈ ಮನೆಯ ಕಾರು. ಮಂಡಿಯ ಹಿಂದಿನ ಕೋಣೆಯಲ್ಲೇ ಅವರ ಸಂಸಾರ. ಅವರಿಗೆ ಹೊಸ ಮಾದರಿ ಹಿಡಿಸಲೇ ಇಲ್ಲ.

“ಹಿಂದಿನ ಚಕ್ರ ತಳ್ಬೇಕು, ಮುಂದಿನ ಚಕ್ರ ದಾರಿ ನೋಡ್ಬೇಕು ಮಾಲೀಕ್” ಅಂದರು. “ತಿರುಗೋದೂ ಅದೇ, ಎಳಿಯೋದೂ ಅದೇ ಅಂದ್ರೆ ಹೆಂಗೆ? ಒಬ್ಬನ ಕೈಲಿ ಎರಡು ಕೆಲ್ಸ ಕೊಟ್ರೆ ಎರಡೂ ಖರಾಬ್.”

ಸಾಹುಕಾರರು ನನ್ನ ಕಡೆ ತಿರುಗಿದರು. “ನೀನೇನಪ್ಪಾ ಅಂತೀಯ ಬಿಯೆಸ್ಸಿ? ಓದಿರೋನು.”

ಅಷ್ಟು ದಿನಗಳಲ್ಲಿ ನನ್ನ ಓದಿಗೆ ಬಂದ ಮೊದಲನೆಯ ಪ್ರಶ್ನೆ ಅದು. ನಾನು ಬಿಡುತ್ತೇನೆಯೆ? ದಂಡಿನ ವಾಚನಾಲಯದಲ್ಲಿ ಮೋಟಾರು ಪತ್ರಿಕೆಗಳನ್ನು ನೋಡಿದ್ದೆ. ಇಂಜಿನ್ನಿನ ಭಾರವೆಲ್ಲ ಎಳೆಯುವ ಚಕ್ರದ ಮೇಲೆ ಬೀಳುತ್ತದೆ, ಹಾಗಾಗಿ ಹಿಡಿತ ಜಾಸ್ತಿ. ತಿರುವಿನಲ್ಲಿ ಬಾಲ ಜಾರುವುದಿಲ್ಲ. ದಂಡ ಇಲ್ಲದ್ದರಿಂದ ಕಾರು ನೆಲಕ್ಕೆ ಹತ್ತಿರ, ಕುಲುಕಾಟ ಕಡಿಮೆ ಎಂದೆಲ್ಲ ಹೇಳಿದೆ. ಯಾರ ಮುಖದಲ್ಲೂ ಏನೂ ಕಾಣಲಿಲ್ಲ. ಕೊನೆಗೆ, “ಅಲ್ಲ ಸಾಹುಕಾರ್ರೇ, ಎತ್ತನ್ನ ಗಾಡಿ ಮುಂದೆ ಕಟ್ತೀವೋ ಹಿಂದೆ ಕಟ್ತೀವೋ? ಯಾವ ಎತ್ತಾದ್ರೂ ಗಾಡೀನ ಹಿಂದ್ಲಿಂದ ತಳ್ಳಿದ್ದು ನೋಡಿದ್ದೀರಾ?” ಅಂದುಬಿಟ್ಟೆ.

ಜಗಲಿಯೆಲ್ಲ ನಕ್ಕಿತು. ಮೂಟೆ ಹೊಲಿಯುತ್ತಿದ್ದವರೂ ನಕ್ಕರು. ಆ ಮಾತಿನಿಂದಲೇ ಹೊಸ ಮಾದರಿಯ ಕಾರು ಗೊತ್ತಾಯಿತು. ನನ್ನ ಭೌತಶಾಸ್ತ್ರ ಗೆದ್ದಿರಲಿಲ್ಲ, ಎತ್ತು ಗೆದ್ದಿತ್ತು. ಆದರೆ ಆವತ್ತು ನನಗೆ ಆ ವ್ಯತ್ಯಾಸ ತೋಚಲಿಲ್ಲ. ಸಂಜೆ ಸಾಬರ ಎದುರಿಗೆ ಸ್ವಲ್ಪ ಬೀಗಿಯೇ ನಡೆದೆ.

ಕಾರು ಬಂತು. ಕಪ್ಪಗೆ, ಉದ್ದಕ್ಕೆ, ನೆಲಕ್ಕೆ ಹತ್ತಿಕೊಂಡ ಹಾಗೆ ಇತ್ತು. ಮನೆಯವರಿಗೆ ಎಲ್ಲಕ್ಕಿಂತ ಹಿಡಿಸಿದ್ದು ಅದರ ಒಳಗಿನ ನೆಲ. ದಂಡ ಹಾಯುವ ಉಬ್ಬು ಇಲ್ಲದೆ ಕಣದ ಹಾಗೆ ಸಮನಾಗಿತ್ತು. ಸಾಹುಕಾರರ ತಾಯಿಯನ್ನು ಎಲ್ಲರೂ ಅವ್ವ ಎನ್ನುತ್ತಿದ್ದರು. ಅವರಿಗೆ ಕಾಲು ಇಳಿಬಿಟ್ಟು ಕುಳಿತು ಅಭ್ಯಾಸವಿಲ್ಲ. ಹಿಂದಿನ ಸೀಟಿನ ಮುಂದೆ ನೆಲದ ಮೇಲೆ ಚಾಪೆ ಹಾಕಿಸಿ, ಚಕ್ಕಂಬಕ್ಕಳ ಹಾಕಿ, ಸೊಸೆಯ ಮಂಡಿಗೆ ಒರಗಿ ಕುಳಿತರು.

“ಮನ್ಯಾಗ್ ಕುಂತಂಗೈತೆ ಕಣಮ್ಮ” ಅಂದರು.

ಕಾರು ನಿಜಕ್ಕೂ ಒಳ್ಳೆಯದಿತ್ತು. ಇದನ್ನು ಒತ್ತಿ ಹೇಳಬೇಕು, ಏಕೆಂದರೆ ಆಮೇಲೆ ಯಾರೂ ಹೇಳಲಿಲ್ಲ. ಶಿರಾ ರಸ್ತೆಯಲ್ಲಿ ಮಳೆ ಬಿದ್ದು ಜೇಡಿಯಾದಾಗ ಬೇರೆ ಕಾರುಗಳ ಹಿಂಭಾಗ ಹಾವಿನ ಹಾಗೆ ಆಡುತ್ತಿದ್ದರೆ ಇದು ದಾರದಲ್ಲಿ ಕಟ್ಟಿ ಎಳೆದ ಹಾಗೆ ನೆಟ್ಟಗೆ ಹೋಗುತ್ತಿತ್ತು. ಸಾಬರು ಕೂಡ ಒಂದು ದಿನ, “ತಿರುವಲ್ಲಿ ಚೆನ್ನಾಗೈತೆ ಸ್ವಾಮಿ, ಸುಳ್ ಯಾಕ್ ಹೇಳ್ಲಿ” ಅಂದರು. ಅವರ ದೊಡ್ಡತನ ಅದು. ನಾನು ಅವರ ಜಾಗದಲ್ಲಿದ್ದರೆ ಹೇಳುತ್ತಿರಲಿಲ್ಲ.

ತೊಂದರೆ ಬಂದದ್ದು ಏರಿನಲ್ಲಿ.

ಮೊದಲು ಪಾವಗಡದ ದಾರಿಯಲ್ಲಿ. ಸಾಹುಕಾರರು ಸಂಸಾರ ಸಮೇತ ನೆಂಟರ ಮನೆಗೆ ಹೊರಟಿದ್ದರು. ಹಿಂದೆ ಅವರು, ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ನೆಲದ ಮೇಲೆ ಅವ್ವ. ಕಾರಿನ ಬೆನ್ನಿಗೆ ಕಟ್ಟಿದ ಟ್ರಂಕು, ಹುಣಸೆಹಣ್ಣಿನ ಎರಡು ಮೂಟೆ. ಮುಂದೆ ಸಾಬರು ಮತ್ತು ನೀರಿನ ಹೂಜಿ. ಒಂದು ಗುಡ್ಡದ ಏರಿನ ನಡುವೆ ಮುಂದಿನ ಚಕ್ರಗಳು ನಿಂತಲ್ಲೇ ಗಿರ್ರನೆ ತಿರುಗಿ ಜಲ್ಲಿಯನ್ನು ಎರಡೂ ಕಡೆ ಎರಚತೊಡಗಿದವು. ಕಾರು ಹತ್ತಲಿಲ್ಲ. ಹಿಂದೆ ಬಂದ ಬಸ್ಸಿನಲ್ಲಿ ನಾನಿದ್ದೆ, ಇಳಿದು ಓಡಿದೆ. ಹೊಲದಲ್ಲಿದ್ದವರು ಬಂದು ಕೈ ಹಚ್ಚಿದರು.

ಅವರಲ್ಲೊಬ್ಬ ಮುದುಕ ಕಾರನ್ನು ಮೂತಿಯಿಂದ ಬಾಲದವರೆಗೆ ನೋಡಿ, “ಎದ್ದುಲು ಕಟ್ಟಂಡಿ ಸಾಮೀ, ಎದ್ದುಲು!” ಅಂತ ತೆಲುಗಿನಲ್ಲಿ ಸಲಹೆ ಕೊಟ್ಟ. ಕೊನೆಗೆ ಅದೇ ಆಯಿತು. ಒಂದು ಜೊತೆ ಎತ್ತು ತಂದು ಕಾರಿನ ಮುಂದೆ ಕಟ್ಟಿ ಎಳೆಸಿದರು. ಹಿಂದಿನ ಸೀಟಿನಿಂದ ಸಾಹುಕಾರರು ನನ್ನನ್ನೇ ನೋಡುತ್ತಿದ್ದರು.

“ಮುಂದೇನೇ ಕಟ್ಟವ್ರೆ ಕಣಪ್ಪಾ ಬಿಯೆಸ್ಸಿ. ಸಮಾಧಾನಾನಾ?”

ಆಮೇಲೆ ಸಿದ್ದರಬೆಟ್ಟದ ದಾರಿಯಲ್ಲಿ, ಸುವರ್ಣಮುಖಿ ಹೊಳೆ ದಾಟಿದ ಮೇಲೆ. ಹೊಳೆಯ ಒಳಗೆ ಗಾಡಿಗಳಿಗೆಂದು ಕಲ್ಲು ಹಾಸಿದ್ದರು, ಅಲ್ಲಿ ತೊಂದರೆಯಿಲ್ಲ. ಆಚೆ ದಡದ ಏರು ಮಾತ್ರ ಕಡಿದು, ಸಡಿಲ ಜಲ್ಲಿ. ಸಾಹುಕಾರರು ಸಂಸಾರದೊಡನೆ ಎರಡು ಸಲ ಹೋದರು, ಎರಡು ಸಲವೂ ಅಲ್ಲೇ ನಿಂತಿತು. ಎರಡು ಸಲವೂ ಎಲ್ಲರೂ ಇಳಿದು, ಅವ್ವನನ್ನು ಇಬ್ಬರು ಎತ್ತಿಕೊಂಡು, ಕಾರನ್ನು ಜನ ನೂಕಿ ಹತ್ತಿಸಬೇಕಾಯಿತು.

ಅಷ್ಟರಲ್ಲಿ ಇನ್ನೊಂದು ಸಂಗತಿ ನಡೆಯಿತು. ಕೊಳಾಲದ ಕಡೆಯಿಂದ ಬರಬೇಕಿದ್ದ ಕಾಗದವೊಂದನ್ನು ತರಲು ಸಾಬರನ್ನೂ ನನ್ನನ್ನೂ ಅದೇ ದಾರಿಯಲ್ಲಿ ಕಳಿಸಿದರು. ಸಾಹುಕಾರರಿಲ್ಲದ್ದರಿಂದ ನಾನು ಹಿಂದಿನ ಸೀಟಿನ ನಡುವೆ ಒಬ್ಬನೇ ದೊರೆಯ ಹಾಗೆ ಕುಳಿತಿದ್ದೆ. ಕಾರು ಅದೇ ಏರನ್ನು ಮೇಕೆಯ ಹಾಗೆ ಹತ್ತಿತು. ನಾನು ಪೆದ್ದನ ಹಾಗೆ ಬಂದು ಅದನ್ನು ಸಂತೋಷದಿಂದ ಹೇಳಿದೆ, “ಕಾರಿಗೆ ಏನೂ ಆಗಿಲ್ಲ, ಆರಾಮಾಗಿ ಹತ್ತುತ್ತೆ” ಎಂದು.

ಸಾಹುಕಾರರ ಮುಖ ಗಟ್ಟಿಯಾಯಿತು.

“ಅಂಗೋ! ನೀವಿಬ್ರೇ ಹೋದ್ರೆ ಹತ್ತುತ್ತೆ. ನಾನ್ ಕುಂತ್ರೆ ಹತ್ತಲ್ಲ. ಸಾಬಣ್ಣಂಗೆ ಈ ಕಾರು ಮೊದಲಿಂದ್ಲೂ ಬ್ಯಾಡ. ಮಾತಲ್ಲಿ ಸೋತ, ಈಗ ಏರಲ್ಲಿ ಸೇಡು ತೀರಿಸ್ಕಂತಾವ್ನೆ.”

ಅವರ ತರ್ಕದಲ್ಲಿ ಒಂದು ಬಿರುಕೂ ಇರಲಿಲ್ಲ. ಅದನ್ನು ಅವರ ಕೈಗೆ ಕೊಟ್ಟವನು ನಾನೇ. ತುಮಕೂರಿನಲ್ಲಿ ಇನ್ನೊಬ್ಬ ಡ್ರೈವರಿಗೆ ಹೇಳಿಯೂ ಕಳಿಸಿದರು. ಕಾರ್ತೀಕದ ಸೋಮವಾರ ಮಠದ ಅಯ್ಯನವರನ್ನು ಸಿದ್ದರಬೆಟ್ಟದ ಪೂಜೆಗೆ ಕರೆದುಕೊಂಡು ಹೋಗುವುದಿತ್ತು. ಅವತ್ತು ಕಾರು ನಿಂತರೆ ಸಾಬರು ಅಲ್ಲಿಂದಲೇ ಶಿರಾಕ್ಕೆ ಹೋಗಬಹುದು ಎಂದು ಜಗಲಿಯ ಮೇಲೆ ಎಲ್ಲರೆದುರಿಗೆ ಹೇಳಿದರು. ಮಾಲೀಕನ ಕಾರನ್ನು ಬೇಕೆಂದೇ ಕೆಡಿಸಿದವನು ಎನ್ನಿಸಿಕೊಂಡ ಮುದಿ ಡ್ರೈವರಿಗೆ ಆ ನಾಲ್ಕು ತಾಲ್ಲೂಕುಗಳಲ್ಲಿ ಇನ್ನಾರು ಕೆಲಸ ಕೊಡುತ್ತಾರೆ?

ಕಾರಣ ನನಗೆ ಆ ವಾರವೇ ಹೊಳೆದಿತ್ತು. ಹೊಳೆಯಲಿಕ್ಕೆ ಅಷ್ಟು ದಿನ ಹಿಡಿದದ್ದಕ್ಕೆ ನನ್ನ ಮೇಲೆ ನನಗೇ ಸಿಟ್ಟು. ಆ ಕಾರು ಮಾಡಿದ ಎಂಜಿನಿಯರಿಗೆ ಮುಂದೆಯೂ ಜನ ಕೂರುತ್ತಾರೆ ಎನ್ನುವುದು ಗೊತ್ತಿತ್ತು, ಅವನ ದೇಶದಲ್ಲಿ ಗಂಡ ಹೆಂಡತಿ ಇಬ್ಬರೂ ಮುಂದೆ ಕೂರುತ್ತಾರೆ. ನಮ್ಮಲ್ಲಿ ಐದು ಜನ, ಎರಡು ಮೂಟೆ, ಒಂದು ಟ್ರಂಕು ಎಲ್ಲ ಹಿಂದೆ. ಮುಂದೆ ಒಣಕಲು ಸಾಬರು ಮತ್ತು ಒಂದು ಹೂಜಿ. ಏರಿನಲ್ಲಿ ಇದ್ದಬದ್ದ ಭಾರವೂ ಹಿಂದಕ್ಕೆ ವಾಲಿ ಎಳೆಯುವ ಚಕ್ರಗಳು ನೆಲವನ್ನು ಬರೀ ಸವರುತ್ತವೆ. ತಳ್ಳುವ ಕಾರಾಗಿದ್ದರೆ ಅದೇ ಭಾರ ಹಿಂದಿನ ಚಕ್ರಗಳನ್ನು ಒತ್ತಿ ಹಿಡಿಯುತ್ತಿತ್ತು. ನಮ್ಮವರು ಕೂರುವ ರೀತಿಗೆ ಸಾಬರು ಹೇಳಿದ ಕಾರೇ ಸರಿ. ಪತ್ರಿಕೆಯಲ್ಲಿ ಕಾರನ್ನು ಓದಿದ ನಾನು ನಮ್ಮವರನ್ನು ಓದಿರಲಿಲ್ಲ.

ಸ್ಲೇಟು ತೆಗೆದುಕೊಂಡು ಸಾಹುಕಾರರ ಹತ್ತಿರ ಹೋದೆ. ಚಕ್ರ ಬರೆದೆ, ಬಾಣ ಬರೆದೆ, ಗುರುತ್ವಕೇಂದ್ರ ಅಂದೆ. ಬೇಸರವಿಲ್ಲದೆ ಕೇಳಿದರು. ಕೊನೆಗೆ, “ಆಮೇಕೆ?” ಅಂದರು.

“ಆಮೇಲೆ ಏನಿಲ್ಲ. ತಾವು ಮುಂದೆ ಕೂತರೆ ಹತ್ತುತ್ತೆ.”

ಅವರು ಸ್ಲೇಟನ್ನು ತಿರುಗಿಸಿ ಕೆಳಗಿಟ್ಟರು.

“ನಾನು. ಪೀಕದಾನಿ ಜಾಗದಾಗೆ.”

“ಏರಲ್ಲಿ ಮಾತ್ರ ಸಾಹುಕಾರ್ರೇ...”

“ಊರ್ ಜನ ಏನಂತಾರ್ಲಾ? ಸಾಹುಕಾರ ಸಾಬಣ್ಣನ ಕೈಕೆಳಗೆ ಆಳಾದ ಅಂತಾರೆ. ಸೋಮವಾರ ಹಿಂದ್ಗಡೆ ಅಯ್ಯನೋರು ಇರ್ತಾರೆ. ಅವ್ರಿಗೆ ಬೆನ್ನು ತೋರಿಸ್ಕಂಡು ಕೂರಾದಾ? ನಮ್ಮಪ್ಪ ಕೂರ್ತಿದ್ನಾ?”

ಒಳಗಿನಿಂದ ಅವ್ವನ ದನಿ ಬಂತು: “ನನ್ ಮಗ ಕುಂತ್ರೆ ಕಾರಿಗ್ ದೋಸ ಅಂತಾನಾ ಅವ್ನು?”

ಅಲ್ಲಿಗೆ ಮುಗಿಯಿತು. ಮೂರು ಸಲ ಬೇರೆ ಬೇರೆ ರೀತಿಯಲ್ಲಿ ಹೇಳಿದೆ. ಮೂರನೆಯ ಸಲ, ಗಿರಣಿಯ ಕಾಗದಕ್ಕೆ ಉತ್ತರ ಬರೆದಾಯಿತೋ ಇಲ್ಲವೋ ಎಂದು ಕೇಳಿದರು. ನಾನು ಆವತ್ತು ಕೋಣೆಗೆ ಹೋಗಿ ಸ್ಲೇಟನ್ನು ಗೋಡೆಗೆ ಬಡಿದೆ. ಒಡೆಯಲೂ ಇಲ್ಲ ಅದು.

ಸಾಬರಿಗೆ ಎಲ್ಲ ಹೇಳಿದೆ. ಅವರು ಕಾರಿನ ಬಾನೆಟ್ಟಿನ ಮೇಲೆ ಬಟ್ಟೆ ಆಡಿಸುತ್ತಾ ಕೇಳಿಸಿಕೊಂಡರು.

“ಮುಂದೆ ಭಾರ ಬೇಕು, ಅಷ್ಟೇ ತಾನೆ ಸ್ವಾಮಿ?”

“ಅಷ್ಟೇ.”

“ನೀವು ಯಾಕ್ ಕೂರಬಾರ್ದು?”

ನಾನು ಈ ಪ್ರಶ್ನೆಯನ್ನು ನಿರೀಕ್ಷಿಸಿರಲಿಲ್ಲ. ನಿಜವಾಗಿ ನಿರೀಕ್ಷಿಸಿರಲಿಲ್ಲ, ಸಾಹುಕಾರರಿಗೆ ಮೂರು ಸಲ ಹೇಳಿದವನಿಗೆ ತಾನೂ ಒಂದು ಮೈ ಹೊತ್ತುಕೊಂಡಿದ್ದೇನೆ ಎನ್ನುವುದು ಹೊಳೆದೇ ಇರಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿದೆ.

“ನಾನು ತೂಗೋದೇ ತೊಂಬತ್ತೆಂಟು ಪೌಂಡು. ಸಾಕಾಗಲ್ಲ. ಲೆಕ್ಕ ಹಾಕಿದೀನಿ.”

ಲೆಕ್ಕ ಹಾಕಿರಲಿಲ್ಲ. ಸಾಬರು ಬಟ್ಟೆ ಹಿಂಡಿದರು.

“ಹೂಂ. ಓದಿದೋರು ಹೇಳಿದ ಮೇಲೆ ಮುಗೀತು” ಅಂದರು. ವ್ಯಂಗ್ಯವಿತ್ತೋ ಇಲ್ಲವೋ ತಿಳಿಯಲಿಲ್ಲ. ಇದ್ದಿದ್ದರೆ ಸುಲಭವಾಗುತ್ತಿತ್ತು.

ಸೋಮವಾರ ನಾನು ಬೆಳಗಿನ ಬಸ್ಸಿಗೇ ಹೋಗಿ ಸುವರ್ಣಮುಖಿಯ ಆಚೆ ದಡದಲ್ಲಿ ನಿಂತಿದ್ದೆ. ಬೆಟ್ಟಕ್ಕೆ ಹೊರಟ ಗಾಡಿಗಳು ಸಾಲಾಗಿ ಹೊಳೆ ದಾಟುತ್ತಿದ್ದವು. ಗಾಡಿಯವರು ಏರು ಬಂದ ಕೂಡಲೆ ತಮ್ಮ ಜಾಗ ಬಿಟ್ಟು ಮುಂದಕ್ಕೆ ಜರುಗಿ, ನೊಗ ಕಟ್ಟುವ ಮೂಕಿಮರದ ಮೇಲೆ, ಎತ್ತುಗಳ ಬಾಲದ ಹತ್ತಿರ ಕುಕ್ಕರುಗಾಲಲ್ಲಿ ಕುಳಿತು ‘ಹೋ ಹೋ’ ಎನ್ನುತ್ತಿದ್ದರು. ಹುಟ್ಟಿದಾಗಿನಿಂದ ಕಂಡದ್ದೇ. ನಮ್ಮಪ್ಪನೂ ಹಾಗೆಯೇ ಕೂರುತ್ತಿದ್ದ. ಗಾಡಿ ಹಿಂದಕ್ಕೆ ಭಾರವಾದರೆ ಮೂಕಿ ಮೇಲೆದ್ದು ಎತ್ತುಗಳ ಕುತ್ತಿಗೆ ಹಗ್ಗಕ್ಕೆ ಸಿಕ್ಕುತ್ತದೆ. ಅದಕ್ಕೆ ಹಿಂಬಾರ ಎನ್ನುತ್ತಾರೆ. ಎತ್ತಿನ ಹೋಲಿಕೆಯಿಂದ ಕಾರು ಕೊಳ್ಳಿಸಿದ ನಾನು ಎತ್ತಿನ ಪಾಠವನ್ನು ಅರ್ಧಕ್ಕೇ ಬಿಟ್ಟಿದ್ದೆ.

ಕಾರು ಬಂತು. ಹೊಳೆಯನ್ನು ಸಲೀಸಾಗಿ ದಾಟಿತು. ಏರಿನ ಮೂರರಲ್ಲೊಂದು ಪಾಲಿಗೆ ಬಂದು ಚಕ್ರಗಳು ಗಿರ್ರೆಂದವು. ಜಲ್ಲಿ ಎರಚಿತು. ನಿಂತಿತು. ಹಿಂದೆ ನಡುವೆ ಅಯ್ಯನವರು, ಒಂದು ಪಕ್ಕ ಸಾಹುಕಾರರು, ಇನ್ನೊಂದು ಪಕ್ಕ ಅವರ ಹೆಂಡತಿ, ನೆಲದ ಮೇಲೆ ಅವ್ವ. ಬೆನ್ನಿಗೆ ಅಕ್ಕಿಯ ಮೂಟೆ, ಬೆಲ್ಲದ ಮೂಟೆ. ಸಾಬರು ಇಂಜಿನ್ನು ನಿಲ್ಲಿಸಿ ಎರಡೂ ಕೈಗಳನ್ನು ಸ್ಟೀರಿಂಗಿನ ಮೇಲೆ ಇಟ್ಟುಕೊಂಡು ಮುಂದೆ ನೋಡುತ್ತಾ ಕುಳಿತರು.

ಸಾಹುಕಾರರು ಬಾಗಿಲು ತೆರೆದು ಇಳಿದರು. “ಇಳಿ ಕೆಳಕ್ಕೆ” ಅಂದರು ಸಾಬರಿಗೆ. ಜೋರಾಗಿ ಹೇಳಲಿಲ್ಲ.

“ಸಾಹುಕಾರ್ರೇ, ಅವರ ತಪ್ಪಿಲ್ಲ” ಅಂತ ನಾನು ದಡದಿಂದ ಜಾರಿಕೊಂಡು ಬಂದೆ. “ನಾನು ಹೇಳಿದ್ನಲ್ಲ, ಗುರುತ್ವ...”

“ನೀನ್ ಸುಮ್ಕಿರಪ್ಪ.”

ಅಷ್ಟರಲ್ಲಿ ಹಿಂದೆ ದಾರಿಯಿಲ್ಲದೆ ನಿಂತ ಗಾಡಿಯವನೊಬ್ಬ ಬಾಯಿ ಹಾಕಿದ. “ಏನ್ ಯಜಮಾನ್ರೇ, ಹಿಂಬಾರ ಆಗೈತಲ್ಲ! ಕಣ್ ಕಾಣಾಕಿಲ್ವಾ? ಮೂತಿ ಮ್ಯಾಲೆತ್ಕಂಡೈತೆ. ಯಾರಾರ ಮುಂದಕ್ ಕುಂತ್ಕಳಿ, ಇಲ್ಲಾಂದ್ರೆ ದಾರಿ ಬುಡಿ, ಎತ್ತು ಬೆದ್ರತಾವೆ.”

ಸಾಹುಕಾರರು ತಿರುಗಿ ಕಾರನ್ನು ನೋಡಿದರು. ಮೂತಿಯಿಂದ ಬಾಲಕ್ಕೆ, ಬಾಲದಿಂದ ಮೂತಿಗೆ. ಅವರೂ ಹರೆಯದಲ್ಲಿ ಕಡಲೆಕಾಯಿ ಗಾಡಿ ಹೊಡೆದೇ ಮೇಲೆ ಬಂದವರು.

“ಥೂ ನಿನ್ನ. ಹಿಂಬಾರ!” ಅಂದರು.

“ಅದನ್ನೇ ನಾನು ಹೇಳಿದ್ದು! ಮೂರು ಸಲ!” ಅಂತ ಕೂಗಿಬಿಟ್ಟೆ. ಸಾಹುಕಾರರ ಎದುರಿಗೆ ನಾನು ದನಿಯೆತ್ತಿದ್ದು ಅದೇ ಮೊದಲು.

“ನೀನೆಲ್ ಹೇಳ್ದೆ? ನೀನು ಸಿಲೇಟ್ ಮ್ಯಾಲೆ ಗೀಟು ಎಳ್ದೆ” ಅಂದರು. “ತಗೀರ್ಲಾ ಮೂಟೆನ. ಮುಂದ್ಕ ಹಾಕಿ.”

ಗಾಡಿಯವರು ಸೇರಿ ಅಕ್ಕಿ, ಬೆಲ್ಲ ಎರಡನ್ನೂ ತೆಗೆದು ಮುಂದಿನ ಸೀಟಿಗೆ ತುಂಬಿದರು. ಸಾಬರು ಇಂಜಿನ್ನು ಹಾಕಿದರು. ಚಕ್ರ ಈ ಸಲ ಹಿಡಿಯಿತು, ನಾಲ್ಕು ಮಾರು ಹೋಯಿತು, ಮತ್ತೆ ಜಾರಿತು. ಸ್ವಲ್ಪದರಲ್ಲಿ ತಪ್ಪಿತು.

“ಇನ್ನೊಂದ್ ಆಳು ಸಾಕು” ಅಂದ ಗಾಡಿಯವನು.

ಸಾಹುಕಾರರು ಹಿಂದಿನ ಸೀಟಿನ ಕಡೆ ನೋಡಿದರು. ಅಯ್ಯನವರು ಕಣ್ಣು ಮುಚ್ಚಿ ಕುಳಿತಿದ್ದರು. ಅವರಿಗೆ ಬೆನ್ನು ಹಾಕಿ ತಾವು ಕೂರುವಂತಿಲ್ಲ. ಗಾಡಿಯವರು ತಮ್ಮ ಎತ್ತು ಬಿಟ್ಟು ಬರುವಂತಿಲ್ಲ. ಸಾಹುಕಾರರು ನನ್ನ ಕಡೆ ನೋಡಿದರು ನಿಜ, ಆದರೆ ಕೂರು ಎನ್ನಲಿಲ್ಲ. ನನ್ನ ಷರತ್ತು ಅವರಿಗೆ ನೆನಪಿತ್ತು. ಸಾಬರಂತೂ ನನ್ನ ಕಡೆ ನೋಡಲೇ ಇಲ್ಲ.

ಆ ದಡದಲ್ಲಿ ನನ್ನನ್ನು ಬಲ್ಲವರು ಹತ್ತಿಪ್ಪತ್ತು ಜನ ಇದ್ದರು. ಡಿಗ್ರಿ ತೆಗೆದುಕೊಂಡು ಮೊದಲ ಸಲ ಬಂದಾಗ ಇವರಲ್ಲಿ ಕೆಲವರು ಎದ್ದು ನಿಂತು ಮಾತಾಡಿಸಿದ್ದರು. ನಾನು ಕಾಲೇಜಿನಲ್ಲಿ ನಾಲ್ಕು ವರ್ಷ ಯಾರ ಪೀಕದಾನಿಯ ಪಕ್ಕದಲ್ಲೂ ಕೂರಬಾರದು ಎಂದೇ ಓದಿದ್ದು. ಬೇರೆ ಆದರ್ಶ ಏನೂ ಇರಲಿಲ್ಲ, ಹೇಳಿಕೊಳ್ಳಲು ನಾಚಿಕೆಯೂ ಇಲ್ಲ. ಅಷ್ಟು ದಿನವೂ ಸಾಹುಕಾರರನ್ನು ಮೂಢರು, ಜಂಬದವರು ಎಂದು ಒಳಗೊಳಗೇ ಬೈದಿದ್ದೆ. ಅವರಿಗೂ ನನಗೂ ಬೇಡವಾಗಿದ್ದದ್ದು ಒಂದೇ ಸೀಟು.

ಹೋಗಿ ಬಾಗಿಲು ತೆಗೆದೆ. ಎರಡು ಮೂಟೆಗಳ ನಡುವೆ ಜಾಗವಿರಲಿಲ್ಲ. ಬೆಲ್ಲದ ಮೂಟೆಯನ್ನು ತೊಡೆಯ ಮೇಲೆ ಎಳೆದುಕೊಂಡು, ಹೂಜಿಯನ್ನು ಕಾಲ ಸಂದಿಯಲ್ಲಿ ಹಿಡಿದು ಕುಳಿತೆ.

“ಹೋಗಿ ಸಾಬ್ರೇ” ಅಂದೆ.

ಕಾರು ಒಂದು ಸಲ ನಡುಗಿ, ನೆಲ ಕಚ್ಚಿ, ಹತ್ತಿತು. ನಿಲ್ಲದೆ ಹತ್ತಿತು. ಗಾಡಿಯವರು ಕೇಕೆ ಹಾಕಿದರು. ಹಿಂದಿನಿಂದ ಅವ್ವ, “ಏನ್ಲಾ, ಈ ಹುಡ್ಗ ಹತ್ತುತ್ಲೂ ಹತ್ತಿಬುಡ್ತಲ್ಲ!” ಅಂದರು. ದಡದ ಮೇಲೆ ಬಂದು ನಿಂತಾಗ, ನಡೆದು ಬಂದ ಸಾಹುಕಾರರು ಹಿಂದಿನ ಬಾಗಿಲಿನಿಂದ ತಮ್ಮ ಜಾಗಕ್ಕೆ ಹತ್ತಿದರು. ಸಾಬರಿಗೆ ತಪ್ಪಾಯಿತು ಎಂದು ಹೇಳಲಿಲ್ಲ. “ನಡಿ ಸಾಬಣ್ಣ, ಪೂಜೆ ಹೊತ್ತಾಯ್ತು” ಅಂದರು. ಅದೇ ಅವರ ಕ್ಷಮಾಪಣೆ. ತುಮಕೂರಿನ ಡ್ರೈವರಿಗೆ ಬೇಡವೆಂದು ಕಾಗದ ಬರೆದವನು ನಾನೇ.

ಸಾಬರ ಕೆಲಸ ಉಳಿಯಿತು. ನನ್ನ ಬಸ್ಸು ತಪ್ಪಿತು. ಅಲ್ಲಿಂದ ಮುಂದೆ ಏರಿರಲಿ ಇಲ್ಲದಿರಲಿ, ಕಾರು ಹೊರಟಾಗಲೆಲ್ಲ ಮುಂದಿನ ಸೀಟು ನನ್ನದಾಯಿತು. ಬರೀ ಭಾರ ಬೇಕಾದರೆ ಮೂಟೆ ಸಾಕು, ನಾನು ಕೂರಲೇಬೇಕೆಂದಿಲ್ಲ ಎಂದು ವಿವರಿಸಲು ಎಷ್ಟೋ ಸಲ ಹೊರಟೆ. ಸಾಹುಕಾರರಿಗೆ ಅದು ಬೇಕಿರಲಿಲ್ಲ. “ನಮ್ ಬಿಯೆಸ್ಸಿ ಮುಂದೆ ಕುಂತ್ರೇನೇ ಈ ಕಾರು ಗುಡ್ಡ ಹತ್ತಾದು” ಎಂದು ಬಂದವರಿಗೆಲ್ಲ ಹೆಮ್ಮೆಯಿಂದ ಹೇಳುತ್ತಿದ್ದರು. ನನ್ನ ಡಿಗ್ರಿಯಲ್ಲೇ ಏನೋ ಇದೆ ಎಂದು ಅವ್ವ ನಂಬಿದ್ದರು. ಪಾವಗಡದಲ್ಲಿ, ಕೊರಟಗೆರೆಯಲ್ಲಿ ಜನ ಕೈಮುಗಿಯುತ್ತಿದ್ದರು; ಆ ನಮಸ್ಕಾರಗಳೆಲ್ಲ ನನ್ನ ತಲೆಯ ಮೇಲೆ ಹಾದು ಹಿಂದಿನ ಸೀಟಿಗೆ ಹೋಗುತ್ತಿದ್ದವು. ನಾನು ಹೂಜಿ ಹಿಡಿದುಕೊಂಡು ನೆಟ್ಟಗೆ ನೋಡುತ್ತಿದ್ದೆ.

ಒಂದು ಮಂಗಳವಾರ ಶಿರಾ ಸಂತೆಯಲ್ಲಿ ಕಾರು ನಿಂತಾಗ ಅಪ್ಪ ಜನರ ನಡುವಿನಿಂದ ನುಗ್ಗಿ ಬಂದ. ಕಿಟಕಿಯಲ್ಲಿ ತಲೆ ಹಾಕಿ ನನ್ನನ್ನು ನೋಡಿದ, ಸಾಬರನ್ನು ನೋಡಿದ, ಆಮೇಲೆ ಹಿಂದಿನ ಸೀಟಿನಲ್ಲಿದ್ದ ಸಾಹುಕಾರರಿಗೆ ಕೈಮುಗಿದ.

“ಕಾರಾಗೆ ಏನ್ ಕೆಲ್ಸ ಮಾಡ್ತೀಯಪ್ಪ?” ಅಂತ ಮೆಲ್ಲಗೆ ಕೇಳಿದ.

“ಏನಿಲ್ಲ. ಕೂತಿರ್ತೀನಿ.”

ಅಪ್ಪ ಜೊತೆಗೆ ಬಂದಿದ್ದ ನಮ್ಮೂರಿನವನ ಭುಜ ಹಿಡಿದು ತಿರುಗಿಸಿ ತೋರಿಸಿದ.

“ನೋಡ್ಲಾ. ಸಾಹುಕಾರ್ರು ಹಿಂದೆ. ನನ್ ಮಗ ಮುಂದೆ.”

ಅಪ್ಪನನ್ನು ನಾನು ತಿದ್ದಲಿಲ್ಲ. ಸಾಬರು ಗೇರು ಹಾಕಿದರು.